ಮೇಸ್ತ್ರಿ ಮುಚ್ಚಿದ ಒಂದು ಇಂಚು

ಡಿಪ್ಲೊಮಾ ಮುಗಿಸಿ ಓವರ್‌ಸಿಯರ್ ಆದ ಹೊಸದರಲ್ಲಿ ನನಗೆ ತಲೆ ತುಂಬ ಪಾಠ, ಮೈ ತುಂಬ ಗರ್ವ. ಎಪ್ಪತ್ತರ ದಶಕದ ಆರಂಭ. ಬೆಟ್ಟದಪುರದ ಹತ್ತಿರ ಇನ್ನೂರಡಿ ಉದ್ದದ ಹೊಗೆಸೊಪ್ಪಿನ ಗೋಡೌನು ಕಟ್ಟಿಸುವ ಕೆಲಸ ಸಿಕ್ಕಿತು. ಅಷ್ಟುದ್ದದ ಕಟ್ಟಡ ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಅದಕ್ಕೇ ನಡುಮಧ್ಯೆ ತಳಪಾಯದ ಮೇಲಿಂದ ತಾರಸಿಯವರೆಗೆ ಒಂದು ಇಂಚು ಸಂದು ಬಿಟ್ಟು, ಡಾಂಬರಿನಲ್ಲಿ ಅದ್ದಿದ ತೆಂಗಿನ ನಾರು ತುರುಕಬೇಕೆಂದು ನಕ್ಷೆ ಬರೆದೆ.

ಗಾರೆ ಮೇಸ್ತ್ರಿ ಅರವತ್ತು ದಾಟಿದವರು. ಅವರು ಕಟ್ಟಿದ ಗೋಡೆ ಬಿರುಕು ಬಿಟ್ಟಿದ್ದನ್ನು ಹುಣಸೂರಿನಿಂದ ಪಿರಿಯಾಪಟ್ಟಣದವರೆಗೆ ಯಾರೂ ಕಂಡಿರಲಿಲ್ಲ. ಅವರಿಗಿದ್ದ ಆಸ್ತಿ ಅದೊಂದೇ. ನನ್ನ ಸಂದು ನೋಡಿ ಅವರ ಮುಖ ಹರಳೆಣ್ಣೆ ಕುಡಿದಂತಾಯಿತು.

"ಗ್ವಾಡೆ ಬಿರುಕು ಬುಟ್ರೆ ಮನೆ ಇಬ್ಭಾಗ ಆಯ್ತದೆ ಅಂತಾರೆ. ನೀವು ಕಟ್ಟೋಕ್ ಮುಂಚೇನೇ ಬಿರುಕು ಮಡಗ್ತೀರಲ್ಲ ಸ್ವಾಮಿ!"

"ಕೆ.ಆರ್. ನಗರದ ಸ್ಟೇಷನ್ನಲ್ಲಿ ಕಂಬಿ ನಡುವೆ ಸಂದು ಬಿಟ್ಟಿರೋದು ನೋಡಿಲ್ವಾ ಮೇಸ್ತ್ರಿ?"

"ರೈಲು ಓಡ್ತದೆ. ಗ್ವಾಡೆ ಎಲ್ಲಿಗೋಡ್ತದೆ?"

ಕೆಲಸದವರೆಲ್ಲ ಗೊಳ್ಳೆಂದರು. ನನಗೆ ಮೈಯೆಲ್ಲ ಉರಿಯಿತು.

ಗೊಣಗುತ್ತಲೇ ಸಂದು ಬಿಟ್ಟು ತಾರಸಿಯವರೆಗೆ ಕಟ್ಟಿದರು. ಆಮೇಲೆ ನಾನು ತಂಗಿಯ ಮದುವೆಗೆಂದು ನಾಲ್ಕು ದಿನ ರಜೆ ಹಾಕಿ ಬರುವಷ್ಟರಲ್ಲಿ ಸಂದು ಮಂಗಮಾಯ. ನಾರು ಕಿತ್ತು, ಗಾರೆ ಮೆತ್ತಿ, ಸುಣ್ಣ ಬಳಿದು, ಮೇಲೆ ಅರಿಶಿನ ಕುಂಕುಮವನ್ನೂ ಇಟ್ಟಿದ್ದರು. ನನ್ನ ಸಂದಿಗೆ ತಿಥಿಯೂಟ ಒಂದು ಬಾಕಿ. "ಕೆತ್ತಿ ತೆಗೀರಿ" ಎಂದಿದ್ದರೆ ಮುಗಿಯುತ್ತಿತ್ತು. ಹಾಗೆನ್ನುವ ಅಧಿಕಾರ ನನಗಿತ್ತು. ಅನ್ನಲಿಲ್ಲ. ಬೇಸಿಗೆ ಬರಲಿ, ಮುದುಕನ ಜಂಬ ಇಳಿಯಲಿ ಎಂದು ಬಾಯಿಗೆ ಬೀಗ ಹಾಕಿಕೊಂಡು ಕಾದೆ.

ಬೇಸಿಗೆ ಬಂತು. ಮುಚ್ಚಿದ ಜಾಗದ ಪಕ್ಕದಲ್ಲೇ, ಕಿಟಕಿ ಮೂಲೆಯಿಂದ ತಾರಸಿಯವರೆಗೆ ಗೋಡೆ ಸೊಟ್ಟಗೆ ಬಿರಿಯಿತು. ಸಂತೆಗೆ ಹೊರಟವರು ನಿಂತು, "ಮೇಸ್ತ್ರಿ ಗ್ವಾಡೇನೂ ಬಿರ್ಕ್ ಬುಡ್ತು ಕಣ್ಲಾ" ಎಂದು ಆಡಿಕೊಂಡರು. ನಾನು ಕಾಳಗ ಗೆದ್ದ ಹುಂಜದಂತೆ ಅಲ್ಲಿಗೆ ಹೋದೆ.

ಮೇಸ್ತ್ರಿ ಬಿರುಕಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದರು. ತಿರುಗಿ ನೋಡದೆ ಕೇಳಿದರು.

"ಇಂಗಾಯ್ತದೆ ಅಂತ ನಿಮ್ಗೆ ಗೊತ್ತಿತ್ತಲ್ವಾ ಸ್ವಾಮಿ?"

"ಗೊತ್ತಿತ್ತು."

"ನಂಗೆ ಗೊತ್ತಿರ್ನಿಲ್ಲ. ಗೊತ್ತಿದ್ದ ನೀವ್ಯಾಕೆ ಸುಮ್ಕಿದ್ರಿ?"

ನನಗೆ ನಾಚಿಕೆಯಾಯಿತು. ಅಂಥ ನಾಚಿಕೆ ಆಮೇಲೆ ಯಾವತ್ತೂ ಆಗಿಲ್ಲ. ಅವರು ಉಳಿ ಸುತ್ತಿಗೆ ತಂದು, ತಾವೇ ಮುಚ್ಚಿದ್ದ ಒಂದು ಇಂಚನ್ನು ಮೇಲಿಂದ ಕೆತ್ತತೊಡಗಿದರು. ಗೆರೆ ನೇರ ಬರಲೆಂದು ನಾನು ತೂಕದ ಗುಂಡಿನ ದಾರ ಹಿಡಿದು ನಿಂತೆ. ಎಷ್ಟು ಹೊತ್ತಾದರೂ ಗುಂಡು ಓಲಾಡುವುದು ನಿಲ್ಲಲೇ ಇಲ್ಲ.