ಪಾಯಸದ ಪರಿಮಳ

ಆ ಪರಿಮಳ ನನ್ನ ಮೈಯಿಂದ ಬರುತ್ತಿತ್ತು. ಆರು ವರ್ಷ ನಾನು ಇದನ್ನು ಯಾರಿಗೂ ಹೇಳಲಿಲ್ಲ. ಅತ್ತೆ ನೇರವಾಗಿ ಕೇಳಿದಾಗಲೂ ಹೇಳಲಿಲ್ಲ.

ನಾದಿನಿ ವನಿತಾ ತೀರಿಕೊಂಡು ಆಗ ಮೂರು ತಿಂಗಳು. ಸಕ್ಕರೆ ಕಾಯಿಲೆ, ಆಮೇಲೆ ಕಿಡ್ನಿ. ವರ್ಷ ಕಳೆಯುವವರೆಗೆ ವೇಣೂರಿನ ನಮ್ಮ ಮನೆಯಲ್ಲಿ ಹಬ್ಬವಿಲ್ಲ, ಹೊಸ ಬಟ್ಟೆಯಿಲ್ಲ, ತಲೆಗೆ ಹೂವಿಲ್ಲ. ಆಸ್ಪತ್ರೆಯಲ್ಲಿ ಅವಳ ಬಳಿ ಕೂತವಳು ನಾನೇ. ಫಿನಾಯಿಲಿನ ವಾಸನೆ ಮೂಗಿನಿಂದ ಹೋಗಿರಲಿಲ್ಲ — ಹೀಗೆ ಬರೆದರೆ ಕಾರಣ ಕೊಟ್ಟಂತಾಗುತ್ತದೆ. ಬೇಡ. ಮೂಡುಬಿದಿರೆಯ ಕಾಲೇಜಿನಲ್ಲಿ ಪಾಠ ಮುಗಿಸಿ ಬಸ್ಸಿಗೆ ಹೊರಟವಳು ಗಲ್ಫ್ ಸಾಮಾನಿನ ಅಂಗಡಿಗೆ ಹೊಕ್ಕೆ. ಅಷ್ಟೇ.

ಅಂಗಡಿಯ ಹುಡುಗಿ ನನ್ನ ಮಣಿಕಟ್ಟಿಗೆ ಒಂದು ಹನಿ ಸೆಂಟು ಹಾಕಿ ನಕ್ಕಳು. "ಇದು ಭಾರೀ ಸ್ವೀಟ್ ಉಂಟು ಮೇಡಂ. ಹಾಕಿಕೊಂಡು ಕ್ಲಾಸಿಗೆ ಹೋದರೆ ಮಕ್ಕಳಲ್ಲ, ಇರುವೆ ಬರ್ತದೆ!"

ಎಷ್ಟೋ ದಿನಗಳ ಮೇಲೆ ನಾನೂ ನಕ್ಕೆ.

ಕೊಂಡ ಬಾಟಲಿಯನ್ನು ಸ್ಟಾಫ್ ರೂಮಿನ ಕಪಾಟಿನಲ್ಲಿಟ್ಟೆ. ಬೆಳಿಗ್ಗೆ ಕುತ್ತಿಗೆಗೆ ಎರಡು ಸಲ. ಮೊದಲು ಸ್ಪಿರಿಟಿನ ಚುರುಕು, ಆಮೇಲೆ ಬೆಲ್ಲದ ಪಾಕ ಎಳೆ ಬರುವ ಹೊತ್ತಿನ ಘಮ. ಮಧ್ಯಾಹ್ನಕ್ಕೆ ಅದು ಹೋಯಿತೆಂದುಕೊಳ್ಳುತ್ತಿದ್ದೆ. ಸಂಜೆ ಬಸ್ಸಿನ ಸೆಕೆಗೆ ಮತ್ತೆ ಎದ್ದು ಬರುತ್ತಿತ್ತು — ಮೆತ್ತಗೆ, ಕಾಯಿಹಾಲು ಬೆರೆಸಿದ ಹಾಗೆ. ಯಾರೋ ನನ್ನನ್ನು ಮಡಿಲಲ್ಲಿ ಮಲಗಿಸಿಕೊಂಡಂತೆ. ಸೀರೆಯ ಅಂಚಿನಲ್ಲಿ ಮೂಗಿಟ್ಟು ಕಣ್ಣು ಮುಚ್ಚುತ್ತಿದ್ದೆ. ದಿನದಲ್ಲಿ ನನ್ನದೆಂದು ಇದ್ದದ್ದು ಆ ಮುಕ್ಕಾಲು ಗಂಟೆ.

ಅಂಥ ಒಂದು ಸಂಜೆ ಮನೆಯೊಳಗೆ ಕಾಲಿಟ್ಟಾಗ, ಅಕ್ಕಿ ಆರಿಸುತ್ತಿದ್ದ ಅತ್ತೆ ಕೈ ನಿಲ್ಲಿಸಿ ಕೇಳಿದರು: "ಬೆಲ್ಲದ ಪಾಯಸದ ಪರಿಮಳ. ನಿನಗೆ ಬರ್ತದಾ?" ಕೇಳಿದ್ದು ತುಳುವಿನಲ್ಲಿ. ನನ್ನ ಉತ್ತರವೂ ತುಳುವಿನಲ್ಲೇ, ಒಂದೇ ಶಬ್ದ — "ಇಜ್ಜಿ." ಇಲ್ಲ.

ಬಾಯಿ ಬಿಟ್ಟು ಹೇಳಿದೆನೋ, ತಲೆಯಾಡಿಸಿದೆನೋ? ನೆನಪು ಇಂಥ ಕಡೆ ನನ್ನ ಪರವಾಗಿ ವಾದಿಸುತ್ತದೆ, ಹಾಗಾಗಿ ಹಳೆಯ ದಿನಚರಿ ತೆಗೆದು ನೋಡಿದೆ. "ಅತ್ತೆಗೆ ಇವತ್ತು ಏನೋ ಪರಿಮಳ ಬಂತಂತೆ" ಎಂದಿದೆ. ಬಂತಂತೆ! ನಾನೊಬ್ಬಳೇ ಓದುವ ಪುಸ್ತಕದಲ್ಲೂ ಏನೂ ಅರಿಯದವಳ ಹಾಗೆ ಬರೆದಿದ್ದೇನೆ.

ಸೂತಕದ ವರ್ಷದಲ್ಲಿ ಸೊಸೆ ಸೆಂಟು ಹಾಕಿದಳು ಎಂಬ ಒಂದು ಮಾತಿಗೆ ಹೆದರಿದ್ದೆ. ಆ "ಇಜ್ಜಿ" ಏನು ಮಾಡಿತೆಂದು ತಿಳಿದದ್ದು ಆಮೇಲೆ. ತೀರಿಹೋದವರ ಜೀವಕ್ಕೆ ನಮ್ಮಲ್ಲಿ ಕುಲೆ ಎನ್ನುತ್ತೇವೆ. ಒಲೆಯ ಪರಿಮಳವಾದರೆ ಮನೆಯವರಿಗೆಲ್ಲ ಬರಬೇಕು; ತನಗೊಬ್ಬಳಿಗೇ ಬಂದರೆ ಅದು ತನ್ನನ್ನು ಹುಡುಕಿ ಬಂದ ಕುಲೆ — ಇದು ಅತ್ತೆಯ ಲೆಕ್ಕ. ಮಗಳನ್ನು ಮನೆಗೆ ಕರೆಸಿದ್ದು ನನ್ನ ಸುಳ್ಳು.

ಕೊನೆಯ ವಾರ ವನಿತಾ ಪಾಯಸ ಕೇಳಿದ್ದಳು. "ಒಂದೇ ಚಮಚ ಅಮ್ಮ." ಡಾಕ್ಟರು ಬೇಡವೆಂದಿದ್ದರು. ಅತ್ತೆ ತಂದಿದ್ದ ಪಾಯಸದ ಬಟ್ಟಲನ್ನು ಅವಳ ಕಣ್ಣೆದುರೇ ತೆಗೆದುಕೊಂಡು ಹೋಗಿದ್ದರು.

ನಾನು "ಇಜ್ಜಿ" ಎಂದ ಮರುದಿನದಿಂದ ಹಿತ್ತಿಲ ಕಲ್ಲಿನ ಮೇಲೆ ಬಾಳೆ ಎಲೆ, ಎಲೆಯಲ್ಲಿ ಪಾಯಸ. ಕಾಗೆ ಮುಟ್ಟದ ದಿನ ಅತ್ತೆ ತಾವೂ ಉಣ್ಣುತ್ತಿರಲಿಲ್ಲ. ಸಿಹಿಯನ್ನು ಪೂರ್ತಿ ಬಿಟ್ಟರು. "ಇವತ್ತೂ ಬಂದಿದ್ದಳು. ಆಸೆ ತೀರಲಿಲ್ಲ ಅವಳಿಗೆ," ಎನ್ನುತ್ತಿದ್ದರು ನನ್ನೊಡನೆ — ಪಕ್ಕದಲ್ಲೇ ಕೂತು. ಅಷ್ಟಾದ ಮೇಲೂ ನಾನು ಎಷ್ಟು ದಿನ ಅದನ್ನು ಹಚ್ಚಿಕೊಂಡೆ? ಒಂದು ವಾರ ಎಂದು ಬರೆಯಲು ಮನಸ್ಸಾಗುತ್ತದೆ. ಬಾಟಲಿ ಮುಗಿಯುವವರೆಗೆ ಹಚ್ಚಿಕೊಂಡೆ. ಪರಿಮಳ ನಿಂತಾಗ ಅತ್ತೆ, "ಕೋಪ ಮಾಡಿಕೊಂಡು ಹೋದಳು," ಎಂದರು. ಎಲೆ ಇಡುವುದನ್ನು ನಿಲ್ಲಿಸಲಿಲ್ಲ.

ಕಳೆದ ಭಾನುವಾರ ಸೊಪ್ಪು ಬಿಡಿಸುತ್ತಾ ಹೇಳಿದರು: "ನಾನು ಹೋದ ಮೇಲೆ ನನಗೆ ಏನೂ ಬಡಿಸದಿದ್ದರೂ ಅಡ್ಡಿಯಿಲ್ಲ. ಅವಳ ಎಲೆ ಮಾತ್ರ ಬಿಡಬೇಡ ಮಗಾ."

ಹೇಳಿಬಿಟ್ಟೆ. ಅಂಗಡಿ, ಬಾಟಲಿ, ಬಸ್ಸು — ಎಲ್ಲ.

ಅವರು ಸೊಪ್ಪಿನ ಕಡ್ಡಿಗಳನ್ನು ಒಟ್ಟು ಮಾಡುತ್ತಿದ್ದರು. "ಸೆಂಟು ಹಾಕಿದ್ದಕ್ಕೆ ನಾನೇನು ನಿನ್ನನ್ನು ತಿಂದುಬಿಡ್ತಿದ್ದೆನಾ?" ಎಂದರು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದರು:

"ಹಾಗಾದರೆ ಅವಳು ಒಂದು ದಿನವೂ ಬರಲಿಲ್ಲವಾ?"

ಇದಕ್ಕೆ ನಾನು ಸಿದ್ಧಳಾಗಿರಲಿಲ್ಲ. ಆರು ವರ್ಷ ಅವರಿಗೆ ನೋವು ಕೊಟ್ಟೆ ಎಂದಷ್ಟೇ ಲೆಕ್ಕ ಹಾಕಿದ್ದೆ. ಆ ನೋವಿನ ಜೊತೆಗೆ ಅವರ ಹತ್ತಿರ ಮಗಳೂ ಇದ್ದಳೆಂದು —

"ಬರಲಿಲ್ಲ ಅತ್ತೆ. ಅದು ನಾನು."

ಸಂಜೆ ದೀಪ ಹಚ್ಚಿದ ಮೇಲೂ ಹಿತ್ತಿಲ ಬಾಗಿಲನ್ನು ಅವರು ಇಷ್ಟು ವರ್ಷ ಒಂದಿಷ್ಟು ತೆರೆದೇ ಇಡುತ್ತಿದ್ದರು, ನಾನು ಯಾಕೆಂದು ಕೇಳಿರಲಿಲ್ಲ. ಅಂದು ನನ್ನ ಮುಖ ನೋಡದೆ, "ಆ ಬಾಗಿಲು ಹಾಕಿ ಬಾ," ಎಂದರು.

ಹೋಗಿ ಹಾಕಿದೆ.