ಅಂಗಾಲಿಗೆ ಅಂಟಿದ ಡಾಂಬರು

ಮುಂಬೈ ಸಮುದ್ರದ ನಡುವೆ ಎಣ್ಣೆ ತೆಗೆಯುವ ಪ್ಲಾಟ್‌ಫಾರ್ಮಿನಲ್ಲಿ ಆಗ ನನಗೆ ಕೆಲಸ. ಎಣ್ಣೆಯ ಜೊತೆ ಮೇಲೆ ಬರುವ ಕೊಳಕು ನೀರನ್ನು ಶುದ್ಧ ಮಾಡುತ್ತಾರೆ. ಅದರಲ್ಲಿ ಉಳಿದ ಎಣ್ಣೆ ಸರ್ಕಾರದ ಮಿತಿಯೊಳಗಿದೆ ಎಂದು ನಾನು ಪರೀಕ್ಷಿಸಿ ಹೇಳಿದ ಮೇಲೆಯೇ ನೀರನ್ನು ಸಮುದ್ರಕ್ಕೆ ಬಿಡುವುದು.

ಒಮ್ಮೆ ರಜೆಯಲ್ಲಿ ನನ್ನೂರು ಬೈಂದೂರಿಗೆ ಬಂದಾಗ ಕಡಲ ತೀರದಲ್ಲಿ ಸಮುದ್ರಪೂಜೆ ನಡೆದಿತ್ತು. ಮಳೆಗಾಲ ಕಳೆದು ದೋಣಿ ಇಳಿಸುವ ಮುಂಚೆ ಮೀನುಗಾರರು ಕಡಲಿಗೆ ಹಾಲೆರೆಯುತ್ತಾರೆ. ನೋಡಲು ಹತ್ತಿರ ಹೋದೆ.

“ಹ್ವಾಯ್, ಚಪ್ಲಿ ಅಲ್ಲೇ ಬಿಟ್ಟ್ ಬನ್ನಿ,” ಎಂದರು ಹಾಲಿನ ತಂಬಿಗೆ ಹಿಡಿದಿದ್ದ ಹಿರಿಯರೊಬ್ಬರು.

ಬಿಟ್ಟು ಮುಂದೆ ಹೋದದ್ದೇ ತಡ, ಕಡಲಿಗೆ ಚೆಲ್ಲಿದ ಎಣ್ಣೆ ಗಟ್ಟಿಯಾಗಿ ದಡಕ್ಕೆ ಬಂದು ಮರಳಿನಲ್ಲಿದ್ದ ಡಾಂಬರಿನ ಉಂಡೆ ಅಂಗಾಲಿಗೆ ಅಂಟಿತು. ದೀಪಕ್ಕೆ ತಂದ ತೆಂಗಿನೆಣ್ಣೆಯನ್ನೇ ಅವರು ಕೊಟ್ಟರು. ಕಾಲು ತಿಕ್ಕುತ್ತಾ ಮಾತಿನ ನಡುವೆ ನನ್ನ ಕೆಲಸ ಏನೆಂದು ಹೇಳಿದೆ.

ಅವರು ನನ್ನ ಕಾಲನ್ನೇ ನೋಡಿದರು. “ನಮ್ ಮೀನಿನ್ ಬಲಿಗೂ ಹೀಂಗೇ ಹಿಡಿತ್ತ್. ಇದ್ ನಿಮ್ದಾ?”

“ನಮ್ದಲ್ಲ. ನಾವ್ ಅಳ್ತಿ ನೋಡಿಯೇ ನೀರ್ ಬಿಡುದ್. ಇದ್ ಹಡಗಿನವ್ರ್ ಚೆಲ್ಲಿದ್ದ್ ಇರ್ಕ್,” ಎಂದೆ. ಖಂಡಿತ ಗೊತ್ತಿತ್ತೇ ಎಂದರೆ, ಇಲ್ಲ.

“ಕಡ್ಲಿಗೆ ನೀರ್ ಬಿಡು ಹೊತ್ತಿಗೆ ಚಪ್ಲಿ ತೆಗಿತ್ರಿಯಾ?”

ಅವರ ಮುಖದಲ್ಲಿ ತಮಾಷೆ ಇರಲಿಲ್ಲ. ತಂಬಿಗೆಯನ್ನು ನನ್ನ ಕೈಗಿತ್ತು, “ನೀವೂ ಚೂರ್ ಹಾಲ್ ಬಿಡಿ,” ಎಂದರು. ಬರಿಗಾಲಲ್ಲಿ ನಿಂತು ಕಡಲಿಗೆ ಹಾಲು ಬಿಟ್ಟೆ.

ರಜೆ ಮುಗಿಸಿ ಮರಳಿದ ಮೇಲೆ, ನೀರು ಬಿಡಲು ಮೊದಲ ಸಲ ಒಪ್ಪಿಗೆ ಕೊಡುವಾಗ ನನ್ನ ಕೈ ತಾನಾಗಿ ಬೂಟಿನ ದಾರಕ್ಕೆ ಹೋಯಿತು. ಆದರೆ ಪ್ಲಾಟ್‌ಫಾರ್ಮಿನ ಮೇಲೆ ಬೂಟು ಬಿಚ್ಚುವುದು ನಿಯಮಕ್ಕೆ ವಿರುದ್ಧ. ನಮ್ಮ ಕಾಲಿಗೆ ಏನೂ ತಾಗಬಾರದಂತೆ.