ಮಂಗಳವಾರದ ಕ್ಷೌರ

ಹೋದ ವಾರ ವಿಜಯನಗರದ ಗ್ರಂದಿಗೆ ಅಂಗಡಿಯಲ್ಲಿ ಅರಿಶಿನದ ಕೊಂಬು ಕೊಳ್ಳಲು ನಿಂತಿದ್ದೆ. ಪಕ್ಕದಲ್ಲಿದ್ದ ಹೆಂಗಸು ದೃಷ್ಟಿಗೆಂದು ಬಾಗಿಲಿಗೆ ಕಟ್ಟಲು ಪಟಿಕ ಕೇಳಿದರು. ಅಂಗಡಿಯವರು ಡಬ್ಬದಿಂದ ಒಂದು ಗಟ್ಟಿ ತೆಗೆದು ಗಾಜಿನ ಮೇಲಿಟ್ಟರು. ಈಗ ಜನಕ್ಕೆ ಪಟಿಕವೆಂದರೆ ದೃಷ್ಟಿಯ ಕಲ್ಲು ಅಷ್ಟೇ. ನನಗೆ ಅಪ್ಪನ ಮುಖ ಕಣ್ಣಿಗೆ ಕಟ್ಟಿತು. ಕ್ಷೌರವಾದ ಮೇಲೆ ಒದ್ದೆ ಪಟಿಕ ತಗುಲಿದ ಕೂಡಲೇ ಚುರುಗುಟ್ಟಿ ಮುಖ ಕಿವುಚುತ್ತಿದ್ದ ಅಪ್ಪ... ಜೊತೆಗೆ ಅದನ್ನು ಉಜ್ಜುತ್ತಿದ್ದ ಕೈ. ಅದು ನಮ್ಮ ರಸ್ತೆಯ ಕೊನೆಯಲ್ಲಿದ್ದ ಸಲೂನಿನವರ ಕೈ.

ಅಪ್ಪನಿಗೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತೂ ಹೋಗಿತ್ತು. ಅಮ್ಮ ಆಗಲೇ ಇರಲಿಲ್ಲ. ನಾನು ಒಬ್ಬಳೇ ಮಗಳು, ಕಾಲೇಜಿನಲ್ಲಿ ಪಾಠ ಹೇಳುವವಳು. ಮನೆ ಎರಡನೇ ಮಹಡಿ, ಲಿಫ್ಟ್ ಇಲ್ಲ. ಅಪ್ಪನನ್ನು ನೋಡಿಕೊಳ್ಳಲು ಬಂದ ಇಬ್ಬರು ಒಬ್ಬರ ಹಿಂದೆ ಒಬ್ಬರು ಹೇಳದೆ ಕೇಳದೆ ಬಿಟ್ಟುಹೋದರು. ಹಾಸಿಗೆ ಹಿಡಿದ ವಯಸ್ಸಾದವರನ್ನು ಇಟ್ಟುಕೊಂಡು ನೋಡುವ ಹೋಮ್ ಹುಡುಕದೆ ಬೇರೆ ದಾರಿ ಉಳಿಯಲಿಲ್ಲ. ಆದರೆ ಅಲ್ಲಿ ಯಾರಾದರೂ ಗದರಿದರೆ, ಕೈ ಮಾಡಿದರೆ, ಮಾತಿಲ್ಲದ ಅಪ್ಪ ಅದನ್ನು ನನಗೆ ಹೇಗೆ ಹೇಳಿಯಾರು?

ಓದಿದವಳಲ್ಲವೇ, ಒಂದು ಫಾರಂ ಮಾಡಿಕೊಂಡೆ. ಗಾಳಿ ಬೆಳಕು, ಶೌಚಾಲಯ, ಊಟ, ಡಾಕ್ಟರು ಬರುವ ದಿನ, ಸಿಬ್ಬಂದಿಯ ಮಾತಿನ ರೀತಿ, ಎಲ್ಲಕ್ಕೂ ಹತ್ತಕ್ಕೆ ಇಷ್ಟು ಅಂತ ಅಂಕ. ಮೊದಲೇ ಫೋನ್ ಮಾಡಿ, ಸಮಯ ಕೇಳಿಕೊಂಡು ಹೋಗಿ ನೋಡಿ ಬಂದೆ. ನಂದಿನಿ ಲೇಔಟಿನ ಹೋಮ್‌ಗೆ ಎಲ್ಲದರಲ್ಲೂ ಒಂಬತ್ತು, ಹತ್ತು. ನೆಲದಲ್ಲಿ ಮುಖ ಕಾಣುತ್ತಿತ್ತು. ಶ್ರೀಗಂಧದ ಕಾವಲ್‌ನದು ಒಂದು ಹಳೇ ಮನೆ. ಮೆಟ್ಟಿಲ ಕಂಬಿಯ ಮೇಲೆಲ್ಲ ಒದ್ದೆ ಬಟ್ಟೆ, ಟಿವಿಯಲ್ಲಿ ಧಾರಾವಾಹಿಯ ಗದ್ದಲ, ಮಾತಿನ ರೀತಿಗೆ ಎರಡೇ ಅಂಕ. ನಮ್ಮ ಕಾಲೇಜಿಗೆ ತಪಾಸಣೆಯವರು ಬರುವ ಹಿಂದಿನ ದಿನ ಹೂಕುಂಡಗಳಿಗೆಲ್ಲ ಕೆಮ್ಮಣ್ಣು ಬಳಿಸುವವಳು ನಾನೇ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮಕ್ಕಳಿಗೆ ಹೇಳುವವಳೂ ನಾನೇ. ಆದರೂ ನಂದಿನಿ ಲೇಔಟಿಗೇ ಕಳಿಸುವುದೆಂದು ತೀರ್ಮಾನಿಸಿದೆ.

ಆ ಮಂಗಳವಾರ, ನಾನು ಹೇಳಿ ಕಳಿಸಿದ್ದರಿಂದ, ಸಲೂನಿನವರು ಮೊದಲ ಸಲ ನಮ್ಮ ಮನೆಗೆ ಬಂದರು. ಮಂಗಳವಾರ ಅಂಗಡಿಗೆ ರಜ. ಆ ದಿನ ಅವರು ಒಂದು ರೆಕ್ಸಿನ್ ಚೀಲ ಹಿಡಿದು, ಎದ್ದು ಬರಲಾಗದವರ ಮನೆಗಳಿಗೆ, ಹೋಮ್‌ಗಳಿಗೆ ಹೋಗುತ್ತಿದ್ದರು. ಅಂಗಡಿಯಲ್ಲಿ ಅವರದು ಅಂಥ ದೊಡ್ಡ ಹೆಸರೇನಲ್ಲ. ನಮ್ಮ ಬೀದಿಯ ಯಾವ ಗಂಡಸಿನ ಕಿವಿಯ ಮುಂದಿನ ಎರಡು ಕೃದಾವೂ ಸಮನಾಗಿದ್ದದ್ದನ್ನು ನಾನು ಕಂಡಿಲ್ಲ. ಮಾತು ಶುರುವಾದರೆ ಕತ್ತರಿ ಗಾಳಿಯಲ್ಲೇ ನಿಂತುಬಿಡುತ್ತಿತ್ತು. ಆದರೆ ಮಲಗಿದವರ ಮುಂದೆ ಆ ಮನುಷ್ಯನೇ ಬೇರೆ.

ಅಪ್ಪ ಅವರನ್ನು ನೋಡಿದ್ದೇ ಎಡಗೈ ಎತ್ತಿ ಗೋಡೆಯ ಕ್ಯಾಲೆಂಡರ್ ತೋರಿಸಿ, ತಲೆ ಆಡಿಸಿದರು. ಮಂಗಳವಾರ ಕ್ಷೌರ ಕೂಡದು ಎಂಬುದು ಅವರ ಜೀವಮಾನದ ಕಟ್ಟಳೆ. ನನಗೆ ರೇಗಿತು. ಸಲೂನಿನವರು ಚೀಲ ಕೆಳಗಿಟ್ಟು ಮಂಚದ ಪಕ್ಕ ಕೂತರು.

"ಮಂಗಳವಾರ ಬೇಡ ಅನ್ನೋದು ಎದ್ದು ಓಡಾಡೋರಿಗೆ ಯಜಮಾನ್ರೇ. ನಿಮಗೋಸ್ಕರ ಅಂತಾನೇ ದೇವ್ರು ನನಗೆ ಇವತ್ತು ರಜ ಕೊಟ್ಟಿರೋದು."

ಅಪ್ಪನಿಗೆ ಅರ್ಧ ಬಾಯಲ್ಲೇ ನಗು ಬಂತು. ಸ್ಟ್ರೋಕ್ ಆದ ಮೇಲೆ ಅದೇ ಮೊದಲ ನಗು.

ಕೆಲಸ ಮುಗಿದ ಮೇಲೆ ಕಾಫಿ ಕೊಟ್ಟು, ನನ್ನ ಫಾರಂ ತೋರಿಸಿದೆ. ಸ್ವಲ್ಪ ಜಂಬವೂ ಇತ್ತೆನ್ನಿ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

"ಎಲ್ಲಾ ಚೆನ್ನಾಗಿ ಬರ್ದಿದೀರ ಮೇಡಂ. ಇದ್ರಲ್ಲಿ ಮಲಗಿರೋರೇ ಎಲ್ಲೂ ಕಾಣಲ್ವಲ್ಲ?" ಎಂದರು. ಆಮೇಲೆ, "ಮುಂದಿನ ವಾರ ನನ್ ಜೊತೆ ಬನ್ನಿ. ಇವೆರಡು ಕಡೆಗೂ ನಾನು ಹೋಗ್ತೀನಿ. ಟವಲ್ ಹಿಡ್ಕೊಳ್ಳೋಕೆ ಒಬ್ರು ಬೇಕು" ಎಂದರು.

ರಜೆ ಹಾಕಿ ಹೋದೆ. ನಂದಿನಿ ಲೇಔಟಿನಲ್ಲಿ ಒಬ್ಬರು ಅಜ್ಜ. ಹಣೆಗೆ ವಿಭೂತಿ, ಮುಖಕ್ಕೆ ಪೌಡರ್, ಗಂಜಿ ಹಾಕಿದ ಜುಬ್ಬ. ಸಲೂನಿನವರು ಸೋಪಿನ ಬ್ರಷ್ ಮುಖದ ಹತ್ತಿರ ತಂದರು ನೋಡಿ, ಅಜ್ಜ ಕಣ್ಣು ಬಿಗಿಯಾಗಿ ಮುಚ್ಚಿ, ಕತ್ತನ್ನು ಹೆಗಲೊಳಗೆ ಹುದುಗಿಸಿಕೊಂಡುಬಿಟ್ಟರು. ಸಲೂನಿನವರು ಕೈ ಹಿಂದಕ್ಕೆ ತೆಗೆದುಕೊಂಡರು. "ಸೋಪು ಅಷ್ಟೇ ಯಜಮಾನ್ರೇ, ಬರೀ ಸೋಪು" ಎಂದು ಅದನ್ನು ಅಜ್ಜನ ಅಂಗೈಗೆ ಹಚ್ಚಿ ತೋರಿಸಿ, ಎಷ್ಟೋ ಹೊತ್ತು ಕಾದರು. ಅಂಗಡಿಯಲ್ಲಿ ಐದು ನಿಮಿಷದ ಆ ಕೆಲಸಕ್ಕೆ ಅಲ್ಲಿ ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಅಜ್ಜನ ತಲೆ ಮೆಲ್ಲಗೆ ಎತ್ತಿ ಹಿಂಭಾಗವನ್ನು ನನಗೆ ತೋರಿಸಿದರು. ಕೂದಲು ಜಡೆಗಟ್ಟಿ ಬುರುಡೆಗೆ ಅಂಟಿತ್ತು, ಕೆಳಗಿನ ಚರ್ಮ ಕೆಂಪಗಾಗಿತ್ತು. ಎಷ್ಟು ದಿನದಿಂದ ಯಾರೂ ಅವರನ್ನು ಮಗ್ಗುಲು ತಿರುಗಿಸಿರಲಿಲ್ಲವೋ...

ಹೊರಗೆ ಬಂದ ಮೇಲೆ ಅವರು ತಗ್ಗಿದ ದನಿಯಲ್ಲಿ, "ಮುಖ ಎಲ್ಲರೂ ಒರೆಸ್ತಾರೆ ಮೇಡಂ, ನೋಡೋಕೆ ಬರೋರು ಮುಖಾನೇ ಅಲ್ವಾ ನೋಡೋದು" ಎಂದರು.

ಶ್ರೀಗಂಧದ ಕಾವಲ್‌ಗೆ ಹೋದಾಗ ಅದೇ ಒದ್ದೆ ಬಟ್ಟೆ, ಅದೇ ಧಾರಾವಾಹಿ. ಆಯಾ ಒಬ್ಬ ಮುದುಕರಿಗೆ ಜೋರಾಗಿ ಬೈಯುತ್ತಿದ್ದಳು. "ಏನ್ ತಾತ ನೀನು, ಬೆಳಗ್ಗೆಯಿಂದ ಮೂರನೇ ದುಪ್ಪಟಿ ಕಣೋ ಇದು." ತಾತನೂ ಬಿಡಲಿಲ್ಲ, "ನಿಮ್ಮಪ್ಪನ ಮನೇದಾ?" ಎಂದರು. ಇಬ್ಬರಿಗೂ ನಗು. ಬೈಯುತ್ತಲೇ ಆಕೆ ಅವರನ್ನು ಮಗ್ಗುಲಾಗಿಸಿ ಬೆನ್ನು ಒರೆಸಿದಳು. ಬ್ರಷ್ ಕಂಡದ್ದೇ ತಾತ ತಾವಾಗಿ ಗದ್ದ ಎತ್ತಿಕೊಟ್ಟರು. ಸಲೂನಿನವರು ನನ್ನ ಕಡೆ ತಿರುಗಿ ನೋಡಿದರು. ಅಪ್ಪನನ್ನು ಅಲ್ಲಿಗೇ ಸೇರಿಸಿದೆ.

ಅಪ್ಪ ಅಲ್ಲಿ ಹನ್ನೊಂದು ತಿಂಗಳು ಇದ್ದರು. ಮೊದಲ ವಾರ ಮಂಕಾಗಿದ್ದವರು ಆಮೇಲೆ ಆ ಆಯಾಗೆ ಎಡಗೈಯಲ್ಲೇ ಗುದ್ದು ತೋರಿಸಿ ಹೆದರಿಸುವಷ್ಟಾದರು. ಹದಿನೈದು ದಿನಕ್ಕೊಮ್ಮೆ ಮಂಗಳವಾರ ನಾನೂ ಹೋಗಿ ಟವಲ್ ಹಿಡಿದು ನಿಲ್ಲುತ್ತಿದ್ದೆ. ಒಂದು ದಿನ ಅಪ್ಪನೂ ಹಾಗೇ ಗದ್ದ ಎತ್ತಿದರು. ನಾನು ಮೆಟ್ಟಿಲಿಗೆ ಬಂದು ಒದ್ದೆ ಬಟ್ಟೆಗಳ ಮರೆಯಲ್ಲಿ ನಿಂತು ಸಾಕಾಗುವಷ್ಟು ಅತ್ತೆ. ಅಪ್ಪ ನಿದ್ದೆಯಲ್ಲೇ ಹೋದರು. ಮೈಮೇಲೆ ಒಂದು ಹುಣ್ಣಿರಲಿಲ್ಲ. ಅಷ್ಟು ನೆಮ್ಮದಿ ನನಗೆ ಸಿಕ್ಕಿದ್ದು ಆ ಒಬ್ಬ ಮನುಷ್ಯನಿಂದ.

ಆಮೇಲೆ ನನಗೂ ಸಲೂನಿಗೂ ಏನು ಕೆಲಸ? ದಾರಿಯಲ್ಲಿ ಕಂಡರೆ ನಗುತ್ತಿದ್ದೆವು. ಒಂದು ದಿನ ಬಾಗಿಲು ಹಾಕಿತ್ತು, ಊರಿಗೆ ಹೋಗಿರಬೇಕು ಅಂದುಕೊಂಡೆ. ಮುಂದೆ ಅಲ್ಲಿ ಮೊಬೈಲ್ ಕವರಿನ ಅಂಗಡಿ ಬಂತು. ಆಗಲೂ ನಾನು ವಿಚಾರಿಸಲಿಲ್ಲ. ಹೋದ ವಾರ ಗ್ರಂದಿಗೆ ಅಂಗಡಿಯಿಂದ ಬರುವಾಗ ಮನಸ್ಸು ತಡೆಯದೆ, ಆ ಮೊಬೈಲ್ ಅಂಗಡಿಯ ಪಕ್ಕದಲ್ಲಿ ಹೂ ಮಾರುವ ಆಕೆಯನ್ನು ಸಲೂನಿನವರ ಬಗ್ಗೆ ಕೇಳಿದೆ.

"ಅವರು ತೀರ್ಕೊಂಡು ವರ್ಷ ಆಗ್ತಾ ಬಂತಲ್ಲಮ್ಮ. ಮೂಡಲಪಾಳ್ಯದಲ್ಲಿ ಮಗಳ ಮನೇಲಿ ಆರು ತಿಂಗಳು ಮಲಗಿದ್ದಲ್ಲೇ ಇದ್ರು."

ಬೇರೇನೂ ತೋಚದೆ, ಅವರಿಗೆ ಕ್ಷೌರ ಯಾರು ಮಾಡುತ್ತಿದ್ದರು ಎಂದು ಕೇಳಿದೆ.

"ಮಗಳೇ ಮಾಡ್ತಿದ್ಲು. ಹೆಂಗೆ ಹಿಡೀಬೇಕು ಅಂತ ಇವರೇ ಮಲಗಿದ ಕಡೆಯಿಂದ ಹೇಳಿಕೊಟ್ರಂತೆ."

ಎರಡು ಮೊಳ ಹೂ ತೆಗೆದುಕೊಂಡು ಮನೆಗೆ ಬಂದೆ. ಹನ್ನೊಂದು ತಿಂಗಳು ಟವಲ್ ಹಿಡಿದು ಅಪ್ಪನ ಪಕ್ಕದಲ್ಲೇ ನಿಂತಿದ್ದೆ. ಹೋಮ್‌ಗಳಿಗೆ ಅಂಕ ಕೊಟ್ಟೆ, ಆಯಾಗಳಿಗೆ ಅಂಕ ಕೊಟ್ಟೆ. ಬ್ರಷ್ ಇಲ್ಲಿ ಕೊಡಿ, ಇವತ್ತು ನಾನು ಮಾಡುತ್ತೇನೆ ಎಂದು ಒಂದು ದಿನವೂ ಬಾಯಿಗೆ ಬರಲಿಲ್ಲ. ಕೇಳಿದ್ದರೆ ಅವರು ನನಗೂ ಹೇಳಿಕೊಡುತ್ತಿದ್ದರು.